ಒಂದು ಹಂಡೆ, 110 ಕಿಲೋ ಅಕ್ಕಿ: ತಳ ಯಾಕ ಹಿಡಿಯೂದಿಲ್ಲ?

[ದೃಶ್ಯ: ರಾಯಾಪುರ, ಊಟದ ಡಬ್ಬಿ ಹೇರಿಕೊಂಡು ಹೊರಡುವ ವಾಹನಗಳು]

ನಮಸ್ಕಾರ್ರಿ. ಹುಬ್ಬಳ್ಳಿ-ಧಾರವಾಡ ನಡುವ ರಾಯಾಪುರದಾಗ, ಸರ್ಕಾರಿ ಸಾಲಿ ಹುಡುಗರಿಗೆ ಮಧ್ಯಾಹ್ನದ ಬಿಸಿ ಊಟ ಕಳಸೂ ಅಕ್ಷಯ ಪಾತ್ರ ಸಂಸ್ಥೆಯವರ ಅಡಗಿಮನಿ ಐತಿ, ನಿಮಗ ಗೊತ್ತಿದ್ದದ್ದs. ಕೇಳೂ ಪ್ರಶ್ನೆ ಒಂದs: ಅಷ್ಟು ಅನ್ನ ತಳ ಯಾಕ ಹಿಡಿಯೂದಿಲ್ಲ?

ಇತಿಹಾಸ ಲಗೂನ ಮುಗಸ್ತೀನಿ. 2000ರ ಜೂನ್‌ನ್ಯಾಗ ಬೆಂಗಳೂರಿನ 5 ಸರ್ಕಾರಿ ಸಾಲಿ, 1,500 ಹುಡುಗರಿಂದ ಸುರು. 2001ರ ನವೆಂಬರ್ 28ಕ್ಕ ಸುಪ್ರೀಂ ಕೋರ್ಟ್, ಪ್ರಾಥಮಿಕ ಸಾಲಿಯೊಳಗ ಬಿಸಿ ಊಟ ಕೊಡಾಕs ಬೇಕು ಅಂತು. 2002ಕ್ಕ ನಮ್ಮ ರಾಜ್ಯದಾಗ ಸರ್ಕಾರದ ಬಿಸಿ ಊಟದ ಯೋಜನೆ ಅಕ್ಷರ ದಾಸೋಹ ಸುರು ಆತು. ದಾನದ ಊಟ ಹಕ್ಕಿನ ಊಟ ಆತು. ಸರ್ಕಾರದ ಅಕ್ಕಿ-ರೊಕ್ಕದ ಮ್ಯಾಲೆ ಕಮ್ಮಿ ಬಿದ್ದದ್ದು ದಾನಿಗಳದ್ದು.

[ದೃಶ್ಯ: ಹಂಡೆಯ ಹತ್ತಿರದ ನೋಟ]

ಈಗ ಹಂಡೆ. 500 ಲೀಟರಿಂದು, ಸುಮಾರು 110 ಕಿಲೋ ಅಕ್ಕಿ ಹಿಡೀತೈತಿ. 5ನೇತ್ತಾದ ತನಕ ತಲಾ 100 ಗ್ರಾಂ, ಅಂದ್ರ 1,100 ಹುಡುಗರದ್ದು. ಕಟ್ಟಿಗಿ ಒಲಿ ಮ್ಯಾಲೆ ಇಟ್ರ ತಳ ಕರಕ, ನಡುವ ಮುದ್ದಿ, ಮ್ಯಾಲೆ ಅರೆಬೆಂದದ್ದು. ಅದಕ್ಕ ಬೆಂಕಿ ದೂರ, ನೀರು ಕಾಸಿ ಉಗಿ ಮಾಡೂ ಬಾಯ್ಲರ್ ಕೆಳಗ. ಹಂಡೇಕ್ಕ ಬರೂದು ಬರೇ ಉಗಿ.

ನನಗ ಬಾಳ ಸೇರೂ ಲೆಕ್ಕ ಇಲ್ಲೈತಿ. 1 ಕಿಲೋ ಉಗಿ ನೀರಾಗೂ ಹೊತ್ತಿಗೆ ಬಿಡೂ ಶಾಖಕ್ಕ 25 ಡಿಗ್ರಿಯ 7 ಕಿಲೋ ನೀರು ಕುದೀತೈತಿ. ಆ 1 ಕಿಲೋ ಎಲ್ಲಿಗಿ ಹೋತು? ಉಗಿ ನೇರ ಒಳಗ ಬಿಡೂ ಹಂಡೆ ಆದ್ರ ಅನ್ನದಾಗs ಉಳೀತು! 110 ಕಿಲೋ ಅಕ್ಕಿ, 200 ಲೀಟರ್ ನೀರು ಕುದಿಗೆ ತರೂದರಾಗ 30 ಲೀಟರಿಗಿಂತ ಹೆಚ್ಚು ನೀರು, ಎರಡು-ಮೂರು ಕೊಡ, ಕರೀದs ಬಂದು ಕುಂದರತೈತಿ. ಗಂಜಿ ಬಸಿಯೂದಿದ್ರ ನಡೀತೈತಿ. ಬಸಿಯೂದಿಲ್ಲಂದ್ರ ಅಷ್ಟು ನೀರು ಮೊದಲs ಕಡಿಮಿ ಹಾಕಬೇಕು. ಮನ್ಯಾಗಿನ ‘ಒಂದಕ್ಕ ಎರಡು’ ಹಿಡದ್ರ ಅನ್ನ ಹೋಗಿ ಅಂಬಲಿ. ಮುಂಜಾನೆ ಪೈಪ್ ತಣ್ಣಗಿರತೈತಿ, ಒಳಗ ನೀರು ನಿಂತಿರತೈತಿ. ಅದನ್ನ ಹೊರಗ ಬಿಟ್ಟು, ಒಣ ಉಗಿ ಬಂದ ಮ್ಯಾಲೆನs ಹಂಡೇದ ವಾಲ್ವ್ ತೆರೀಬೇಕು. ಇಲ್ಲಂದ್ರ ಮೊದಲ ಹಂಡೆ ಕೆಟ್ಟಂಗs.

ಹೊತ್ತಾತು, ಉಳದದ್ದು ಗಡಿಬಿಡಿಯಾಗ. ಸಾಂಬಾರಿನ ಹಂಡೆ 1,200 ಲೀಟರ್ ಮತ್ತ ಮ್ಯಾಲೆ. ಉಳ್ಳಾಗಡ್ಡಿ, ಬಳ್ಳೊಳ್ಳಿ ಇಲ್ಲ. ರುಚಿ ಇಲ್ಲಂತ ಹುಡುಗರು ಊಟ ಬಿಡ್ತಾರ ಅನ್ನೂ ದೂರಿನ ಮ್ಯಾಲೆ 2018ರ ಕೊನಿಗೆ ಹಾಕ್ರಿ ಅಂತ ಸರ್ಕಾರ ಅಂದ್ರೂ, ಪೌಷ್ಟಿಕಾಂಶಕ್ಕ ಕೊರತಿ ಇಲ್ಲಂತ ಇವರು ಒಪ್ಪಲಿಲ್ಲ. ನಾ ಅನ್ನೂದು ಇಷ್ಟ: ಗಂಗಾಳದಾಗ ಬಿಟ್ಟ ಸಾಂಬಾರಿನ ಪೌಷ್ಟಿಕಾಂಶ ಹೊಟ್ಟಿಗೆ ಹೋಗೂದಿಲ್ಲ. ಡಬ್ಬಿಯೊಳಗ ಅನ್ನ 60 ಡಿಗ್ರಿಗಿಂತ ಕೆಳಗ ಇಳೀಬಾರದು. ಬೇಯಿಸಿದ್ರೂ ಸಾಯದ, ಬ್ಯಾಸಿಲಸ್ ಅನ್ನೂ ಬ್ಯಾಕ್ಟೀರಿಯಾದ ಬೀಜಾಣು, ಅನ್ನ ಉಗುರುಬೆಚ್ಚಗಾದ್ರ ಮತ್ತ ಚಿಗೀತಾವು. ಅದಕ್ಕ ಮುಚ್ಚಳ ಸಡ್ಲಿದ್ದ ಡಬ್ಬಿ ಗಾಡಿ ಏರಬಾರದು.