ಟಕ್ ಅಂದ ಕೂಡಲೇ ಬ್ಯಾಟರಿ ಬದಲಿಸಬೇಡ್ರಿ

ನಮಸ್ಕಾರ್ರಿ ಎಲ್ಲರಿಗೂ. ಹೋದ ಮಳೆಗಾಲ ಒಂದು ಬೆಳಗ್ಗೆ ಹುಬ್ಬಳ್ಳಿ ನವನಗರದ ಮನೆ ಮುಂದೆ ಕಾರಿನ ಕೀಲಿ ತಿರುಗಿಸಿದೆ. ಟಕ್ ಅಂತು, ಅಷ್ಟೇ. ಹತ್ತು ಗಂಟೆಗೆ ಧಾರವಾಡದಲ್ಲಿರಬೇಕಿತ್ತು. ಫೋನ್ ಮಾಡಿದೆ, ಬ್ಯಾಟರಿ ಅಂಗಡಿಯವನು ಬಂದ, ಬಾನೆಟ್ ಎತ್ತಿ ಬ್ಯಾಟರಿ ಮೇಲಿನ ತಾರೀಖು ಓದಿದ, "ಮೂರು ವರ್ಷ ಆಗೇತ್ರಿ ಸರ್, ಹೊಸಾದು ಹಾಕಿಬಿಡೂಣು" ಅಂದ. ಮೀಟರ್ ಹಚ್ಚಲಿಲ್ಲ, ಏನಿಲ್ಲ. ಬರೀ ತಾರೀಖು ನೋಡಿ ತೀರ್ಪು! ನನಗೆ ಸಿಟ್ಟು ಬಂದಿದ್ದು ಅದಕ್ಕೇ.

ಅವನನ್ನು ಕಳಿಸಿ ಮನೆಯಲ್ಲಿದ್ದ ಮಲ್ಟಿಮೀಟರ್ (ವೋಲ್ಟ್ ಅಳೆಯೋ ಮೀಟರ್) ತಂದೆ. ರಾತ್ರಿಯೆಲ್ಲ ನಿಂತ ಗಾಡಿಯ ಬ್ಯಾಟರಿ 12.6 ವೋಲ್ಟ್ ಆಸುಪಾಸು ತೋರಿಸಿದರೆ ಚಾರ್ಜ್ ತುಂಬಿದೆ ಅಂತ. 12.2 ಅಂದ್ರೆ ಸುಮಾರು ಅರ್ಧ. ನನ್ನದು 12.5 ಇತ್ತು. ಮತ್ತೆ ಸ್ಟಾರ್ಟ್ ಯಾಕಾಗಲ್ಲ?

ಹೆಂಡತಿಗೆ ಕೀಲಿ ತಿರುಗಿಸು ಅಂದೆ. ಮೀಟರಿನ ಕೆಂಪು ಕಡ್ಡಿಯನ್ನು ಬ್ಯಾಟರಿಯ ಸೀಸದ ಟರ್ಮಿನಲ್‌ಗೇ ಒತ್ತಿ ಹಿಡಿದರೆ 12.3. ಅದೇ ಕಡ್ಡಿಯನ್ನು ಟರ್ಮಿನಲ್ ಅಪ್ಪಿಕೊಂಡಿರುವ ವೈರಿನ ಕ್ಲ್ಯಾಂಪಿಗೆ ಸರಿಸಿದರೆ 7! ಕೂದಲೆಳೆ ಸಂದಿಯಲ್ಲಿ ಐದು ವೋಲ್ಟ್ ಮಾಯ. ಬಿಚ್ಚಿ ನೋಡಿದರೆ (ಮೊದಲು ಮೈನಸ್ ಬಿಚ್ಚಬೇಕು, ಮರೀಬೇಡಿ) ಒಳಗೆ ಬೆಳ್ಳಗಿನ ಪುಡಿ ಗಟ್ಟಿಯಾಗಿ ಕೂತಿತ್ತು. ಬಿಸಿನೀರು, ಅಡುಗೆ ಸೋಡಾ, ಹಳೇ ಟೂತ್‌ಬ್ರಷ್. ಬುಸ್ ಅಂತ ನೊರೆ ಬಂತು. ಒರೆಸಿ, ಬಿಗಿ ಮಾಡಿ, ಕೀಲಿ ತಿರುಗಿಸಿದರೆ ಒಂದೇ ಸಲಕ್ಕೆ ಸ್ಟಾರ್ಟ್.

ಹಾಗಂತ 12.5 ಕಂಡ ಕೂಡಲೇ ಖುಷಿಪಡಬೇಡಿ. ಗದಗಿನ ನಮ್ಮ ಮಾವನ ಗಾಡಿದೂ ನಿಂತಾಗ 12.6 ತೋರಿಸುತ್ತಿತ್ತು, ಆದರೆ ಕೀಲಿ ತಿರುಗಿಸಿದರೆ ಟರ್ಮಿನಲ್‌ನಲ್ಲೇ 8ಕ್ಕೆ ಇಳಿಯುತ್ತಿತ್ತು. ಎಂಜಿನ್ ಎಬ್ಬಿಸೋ ಸ್ಟಾರ್ಟರ್ ಮೋಟರ್ ತಿರುಗುವಾಗ 9.6ಕ್ಕಿಂತ ಕೆಳಗೆ ಬಿದ್ದರೆ ಅನುಮಾನ ಪಡಬೇಕು. ಅವರಿಗೆ ನಾನೇ ಹೇಳಿದೆ, ಮಾವಾ, ಇದು ಮುಗೀತು, ಬದಲಿಸ್ರಿ ಅಂತ. ಆ ಕಡೆ ಏಪ್ರಿಲ್ ಬಿಸಿಲು ಗೊತ್ತಲ್ವಾ, ಆ ಕಾವು ಬ್ಯಾಟರಿಯನ್ನು ಒಳಗಿಂದಲೇ ತಿನ್ನುತ್ತೆ.

ಎಂಜಿನ್ ಓಡುವಾಗಲೂ ಒಮ್ಮೆ ಮೀಟರ್ ಹಿಡೀರಿ. ಸಾಮಾನ್ಯವಾಗಿ 13.8ರಿಂದ 14.5 ಬರಬೇಕು. 12ರಲ್ಲೇ ನಿಂತರೆ ಆಲ್ಟರ್ನೇಟರ್ (ಗಾಡಿ ಓಡುವಾಗ ಬ್ಯಾಟರಿ ಚಾರ್ಜ್ ಮಾಡೋದು) ಅಥವಾ ಅದರ ಬೆಲ್ಟ್ ನೋಡಿಸಿ. ಇಲ್ಲದಿದ್ದರೆ ಇವತ್ತು ಹಾಕಿಸಿದ ಹೊಸ ಬ್ಯಾಟರಿಯೂ ನಾಳೆ ಮಲಗುತ್ತೆ, ಅಂಗಡಿಯವನು ಕಂಪನಿಯನ್ನ ಬೈತಾನೆ, ನೀವು ಅಂಗಡಿಯವನನ್ನ ಬೈತೀರಿ.

ಮೀಟರ್ ಇಲ್ಲ ಅಂದ್ರೆ ಅಂಗಡಿಯಲ್ಲಿ ಲೋಡ್ ಟೆಸ್ಟ್ ಕೇಳಿ, ಅಂದ್ರೆ ಬ್ಯಾಟರಿ ಮೇಲೆ ಭಾರ ಹಾಕಿ ವೋಲ್ಟ್ ಎಷ್ಟು ಇಳಿಯುತ್ತೆ ಅಂತ ನೋಡೋದು. ಆದರೆ ಫುಲ್ ಚಾರ್ಜ್ ಮಾಡಿದ ಮೇಲೇ ಮಾಡಿಸಿ, ಖಾಲಿ ಬ್ಯಾಟರಿ ಚೆನ್ನಾಗಿದ್ದರೂ ಫೇಲ್ ಆಗುತ್ತೆ. "ಟೆಸ್ಟ್ ಎಲ್ಲಾ ಬ್ಯಾಡ್ರಿ, ನನ್ನ ಮಾತು ನಂಬ್ರಿ" ಅನ್ನೋ ಅಂಗಡಿಯಲ್ಲಿ ಒಂದು ಕ್ಲ್ಯಾಂಪ್ ಕೂಡ ಬಿಗಿ ಮಾಡಿಸಬೇಡಿ.