ನರ್ಸ್‌ಗಳಿಗೆ ಎಂಬಿಎ ಏಕೆ? ಅಮೆರಿಕದ ಎಂಎಸ್‌ಎನ್–ಎಂಬಿಎ ಜೋಡಿ ಪದವಿಯ ಬಗ್ಗೆ

[ದೃಶ್ಯ: ಆಸ್ಪತ್ರೆಯ ನರ್ಸಿಂಗ್ ಸ್ಟೇಷನ್. ಮೇಜಿನ ಮೇಲೆ ತಿಂಗಳ ಖರ್ಚಿನ ವರದಿ, ಅದರ ಒಂದು ಸಾಲು ಕೆಂಪು ಬಣ್ಣದಲ್ಲಿದೆ.]

ವೀಕ್ಷಕರಿಗೆ ನಮಸ್ಕಾರ. ಅಮೆರಿಕದ ಒಂದು ಆಸ್ಪತ್ರೆಯಲ್ಲಿ ಮೂವತ್ತು ಹಾಸಿಗೆಗಳ ವಾರ್ಡೊಂದಿದೆ ಎಂದುಕೊಳ್ಳೋಣ. ಆ ವಾರ್ಡಿನ ಹೊಣೆ ಹೊತ್ತಿರುವ ನರ್ಸ್ ಮ್ಯಾನೇಜರ್ ಅವರ ಮೇಜಿಗೆ ತಿಂಗಳ ಮೊದಲ ವಾರ ಹಣಕಾಸು ವಿಭಾಗದಿಂದ ವರದಿಯೊಂದು ಬಂದಿದೆ. ದಿನಕ್ಕೆ 192 ಗಂಟೆಗಳ ನರ್ಸಿಂಗ್ ಕೆಲಸಕ್ಕೆ ಬಜೆಟ್ ಮಂಜೂರಾಗಿತ್ತು, ಆದರೆ ಕಳೆದ ತಿಂಗಳು ದಿನಕ್ಕೆ ಸರಾಸರಿ 216 ಗಂಟೆಗಳ ಸಂಬಳ ಖರ್ಚಾಗಿದೆ. ಶೇಕಡಾ 12.5ರಷ್ಟು ಮೀರಿದೆ, ಕಾರಣ ತಿಳಿಸಿ ಎಂದು ವರದಿಯ ಕೊನೆಯಲ್ಲಿ ಕೇಳಲಾಗಿದೆ.

ವರ್ಷಗಟ್ಟಲೆ ವಾರ್ಡಿನಲ್ಲೇ ದುಡಿದಿರುವ ಆಕೆಗೆ ಕಾರಣ ಚೆನ್ನಾಗಿ ಗೊತ್ತಿದೆ. ತಿಂಗಳಿಡೀ ವಾರ್ಡ್ ತುಂಬಿತ್ತು, ನರ್ಸ್‌ಗಳು ಊಟಕ್ಕೂ ಬಿಡುವಿಲ್ಲದೆ ಓಡಾಡಿದ್ದರು. ಆದರೆ ‘ಕೆಲಸ ಹೆಚ್ಚಿತ್ತು, ಸಿಬ್ಬಂದಿ ಸಾಲಲಿಲ್ಲ’ ಎಂಬ ಮಾತು ಹಣಕಾಸು ವಿಭಾಗದವರಿಗೆ ದೂರಿನಂತೆ ಕೇಳಿಸುತ್ತದೆಯೇ ಹೊರತು ಉತ್ತರದಂತೆ ಕೇಳಿಸುವುದಿಲ್ಲ. ಉತ್ತರ ಅದೇ ವರದಿಯ ಇನ್ನೊಂದು ಮೂಲೆಯಲ್ಲಿದೆ. ಬಜೆಟ್ ಮಾಡುವಾಗ ವಾರ್ಡಿನಲ್ಲಿ ಸರಾಸರಿ 24 ರೋಗಿಗಳಿರುತ್ತಾರೆ, ಪ್ರತಿ ರೋಗಿಗೆ ದಿನಕ್ಕೆ 8 ಗಂಟೆಗಳ ನರ್ಸಿಂಗ್ ಬೇಕು ಎಂದು ಲೆಕ್ಕ ಹಾಕಿದ್ದರು. ಕಳೆದ ತಿಂಗಳು ಇದ್ದವರು ಸರಾಸರಿ 27 ರೋಗಿಗಳು. ಇಪ್ಪತ್ತೇಳನ್ನು ಎಂಟರಿಂದ ಗುಣಿಸಿದರೆ 216. ಅಂದರೆ ಒಬ್ಬ ರೋಗಿಯ ಆರೈಕೆಗೆ ಒಂದು ನಿಮಿಷವೂ ಹೆಚ್ಚು ಖರ್ಚಾಗಿಲ್ಲ. ಬಂದ ಮೂವರು ಹೆಚ್ಚುವರಿ ರೋಗಿಗಳಿಗೆ ದಿನಕ್ಕೆ ಹನ್ನೆರಡು ಗಂಟೆಯ ಎರಡು ಪಾಳಿ ಹೆಚ್ಚು ಬೇಕಾಯಿತು, ಅಷ್ಟೆ. ಆ ಮೂವರಿಂದ ಆಸ್ಪತ್ರೆಗೆ ಬಂದ ಆದಾಯ ಮಾತ್ರ ಬೇರೆ ಹಾಳೆಯಲ್ಲಿರುತ್ತದೆ.

ಈ ಗುಣಾಕಾರ ಐದನೆಯ ತರಗತಿಯ ಮಕ್ಕಳಿಗೂ ಬರುತ್ತದೆ. ಆದರೆ ರೋಗಿಗಳ ಸಂಖ್ಯೆಗೆ ತಕ್ಕಂತೆ ಹಿಗ್ಗಿ ಕುಗ್ಗುವ ಫ್ಲೆಕ್ಸಿಬಲ್ ಬಜೆಟ್ ಎಂಬುದೊಂದಿದೆ, ನನ್ನ ವಾರ್ಡನ್ನು ಅದರ ಪ್ರಕಾರ ಅಳೆಯಿರಿ ಎಂದು ಸಭೆಯಲ್ಲಿ ಕುಳಿತು ಕೇಳಲು ಬೇಕಾದ ವಿದ್ಯೆಯನ್ನು ವಾರ್ಡ್ ಕಲಿಸುವುದಿಲ್ಲ. ಅದು ಬಾರದಿದ್ದರೆ ಮುಂದಿನ ತಿಂಗಳ ರೋಸ್ಟರ್‌ನಿಂದ ದಿನಕ್ಕೆ ಎರಡು ಪಾಳಿಗಳು ಕಡಿತವಾಗುತ್ತವೆ, ಅದರ ಫಲವನ್ನು ರೋಗಿಗಳು ಉಣ್ಣುತ್ತಾರೆ. ನರ್ಸಿಂಗ್ ಸ್ನಾತಕೋತ್ತರ ಪದವಿಯಾದ ಎಂಎಸ್‌ಎನ್ ಮತ್ತು ಎಂಬಿಎ ಎರಡನ್ನೂ ಒಟ್ಟಿಗೆ ಓದುವ ಜೋಡಿ ಪದವಿ ಅಮೆರಿಕದಲ್ಲಿ ಹುಟ್ಟಿಕೊಂಡಿದ್ದರ ಅರ್ಥ ನನಗೆ ಇಂತಹ ಗಳಿಗೆಯಲ್ಲಿಯೇ ಸ್ಪಷ್ಟವಾಗುತ್ತದೆ.

[ಪರದೆಯ ಮೇಲೆ: ಆಸ್ಪತ್ರೆಯ ಬಿಲ್ಲಿನ ಮಾದರಿ. ಔಷಧ, ಪ್ರಯೋಗಾಲಯ, ಶಸ್ತ್ರಚಿಕಿತ್ಸೆ, ಕೊಠಡಿ ಬಾಡಿಗೆ.]

ಈ ತೊಡಕಿನ ಬೇರು ಬಿಲ್ಲಿನಲ್ಲಿದೆ. ಅಮೆರಿಕದ ಆಸ್ಪತ್ರೆಯ ಬಿಲ್ಲಿನಲ್ಲಿ ಔಷಧಕ್ಕೆ ಒಂದು ಸಾಲು, ರಕ್ತ ಪರೀಕ್ಷೆಗೆ ಒಂದು ಸಾಲು, ಶಸ್ತ್ರಚಿಕಿತ್ಸಾ ಕೊಠಡಿಗೆ ಒಂದು ಸಾಲು ಇರುತ್ತದೆ, ವೈದ್ಯರ ಶುಲ್ಕವಂತೂ ಬಹುಪಾಲು ಪ್ರತ್ಯೇಕವಾಗಿಯೇ ಬರುತ್ತದೆ. ರಾತ್ರಿ ಮೂರು ಗಂಟೆಗೆ ರೋಗಿಯ ಉಸಿರಾಟದ ಲಯ ತಪ್ಪಿದ್ದನ್ನು ಗಮನಿಸಿ ವೈದ್ಯರನ್ನು ಎಬ್ಬಿಸಿದ ನರ್ಸ್‌ನ ಕೆಲಸಕ್ಕೆ ಮಾತ್ರ ಸಾಲಿಲ್ಲ. ಅದು ಹಾಸಿಗೆ, ಬೆಳಕು, ಊಟಗಳ ಜೊತೆಗೆ ಕೊಠಡಿ ಬಾಡಿಗೆಯಲ್ಲಿ ಸೇರಿಹೋಗುತ್ತದೆ. ಇದಕ್ಕೆ 1983ರಲ್ಲಿ ಮತ್ತೊಂದು ಸಂಗತಿ ಸೇರಿಕೊಂಡಿತು. ಹಿರಿಯ ನಾಗರಿಕರ ಸರ್ಕಾರಿ ವಿಮೆಯಾದ ಮೆಡಿಕೇರ್, ರೋಗಿ ಎಷ್ಟು ದಿನ ಇದ್ದರು ಎಂಬುದನ್ನು ನೋಡದೆ ಕಾಯಿಲೆಯ ವರ್ಗಕ್ಕೆ ಇಷ್ಟು ಎಂದು ನಿಗದಿತ ಮೊತ್ತ ಕೊಡುವ ಪದ್ಧತಿಯನ್ನು ಆರಂಭಿಸಿತು. ಬರುವ ಹಣ ಮೊದಲೇ ನಿಗದಿಯಾಗಿರುವಾಗ ಲಾಭ ಉಳಿಯುವುದು ಖರ್ಚು ಇಳಿದರೆ ಮಾತ್ರ. ಆಸ್ಪತ್ರೆಯ ಸಂಬಳ ಪಟ್ಟಿಯಲ್ಲಿ ಎದ್ದು ಕಾಣುವ ದೊಡ್ಡ ಗುಂಪು ನರ್ಸ್‌ಗಳದ್ದು. 1990ರ ದಶಕದಲ್ಲಿ ಅನೇಕ ಆಸ್ಪತ್ರೆಗಳು ನೋಂದಾಯಿತ ನರ್ಸ್‌ಗಳನ್ನು ಕಡಿಮೆ ಮಾಡಿ, ಅವರ ಜಾಗದಲ್ಲಿ ಸಹಾಯಕರನ್ನು ಇಟ್ಟುಕೊಂಡವು. ಕ್ಯಾಲಿಫೋರ್ನಿಯಾದಲ್ಲಿ ಇದಕ್ಕೆ ಬಂದ ವಿರೋಧ 1999ರ ಕಾನೂನಿನಲ್ಲಿ ಕೊನೆಗೊಂಡು, ಒಬ್ಬ ನರ್ಸ್‌ಗೆ ಎಷ್ಟು ರೋಗಿಗಳಿರಬಹುದು ಎಂಬ ಮಿತಿ 2004ರಿಂದ ಅಲ್ಲಿ ಜಾರಿಗೆ ಬಂದಿತು.

ಮಿತಿ ಏಕೆ ಬೇಕು ಎಂಬುದಕ್ಕೆ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಲಿಂಡಾ ಏಕನ್ ಮತ್ತು ಅವರ ಸಹೋದ್ಯೋಗಿಗಳು 2002ರಲ್ಲಿ ಪ್ರಕಟಿಸಿದ ಅಧ್ಯಯನ ಗಟ್ಟಿಯಾದ ಆಧಾರ ಒದಗಿಸಿತು. ಪೆನ್ಸಿಲ್ವೇನಿಯಾದ 168 ಆಸ್ಪತ್ರೆಗಳ ಶಸ್ತ್ರಚಿಕಿತ್ಸೆಯ ರೋಗಿಗಳ ದಾಖಲೆಗಳನ್ನು ಪರಿಶೀಲಿಸಿದ ಅವರು, ಒಬ್ಬ ನರ್ಸ್‌ನ ಪಾಲಿಗೆ ಒಬ್ಬ ರೋಗಿ ಹೆಚ್ಚಾದಂತೆಲ್ಲ ಮೂವತ್ತು ದಿನಗಳೊಳಗೆ ರೋಗಿ ಸಾಯುವ ಸಂಭಾವ್ಯತೆ ಶೇಕಡಾ 7ರಷ್ಟು ಏರುವುದನ್ನು ಕಂಡರು. ಆದರೂ ಸಾವಿನ ಅಂಕಿ ಒಂದು ಕಡತದಲ್ಲಿ, ಸಂಬಳದ ಅಂಕಿ ಇನ್ನೊಂದು ಕಡತದಲ್ಲಿ ಇರುವವರೆಗೆ ಎರಡನ್ನೂ ಒಟ್ಟಿಗೆ ನೋಡುವ ಹೊಣೆ ಯಾರ ಮೇಲೂ ಬೀಳುವುದಿಲ್ಲ.

ಮೆಡಿಕೇರ್ ನಿಯಮಗಳೇ ಮುಂದೆ ಆ ಎರಡು ಕಡತಗಳನ್ನು ಹತ್ತಿರ ತಂದವು. 2008ರ ಅಕ್ಟೋಬರ್‌ನಿಂದ, ಆಸ್ಪತ್ರೆಗೆ ಸೇರಿದ ಮೇಲೆ ಉಂಟಾದ ಆಳವಾದ ಹಾಸಿಗೆ ಹುಣ್ಣು, ಬಿದ್ದು ಆದ ಗಾಯ, ಮೂತ್ರ ಹೊರಹೋಗಲು ಹಾಕುವ ನಳಿಕೆಯಿಂದ (ಕ್ಯಾಥೆಟರ್) ತಗುಲಿದ ಸೋಂಕು ಮುಂತಾದವುಗಳ ಹೆಚ್ಚುವರಿ ಚಿಕಿತ್ಸೆಗೆ ಮೆಡಿಕೇರ್ ಹಣ ಕೊಡುವುದನ್ನು ನಿಲ್ಲಿಸಿತು. 2012ರ ಅಕ್ಟೋಬರ್‌ನಿಂದ, ಬಿಡುಗಡೆಯಾದ ರೋಗಿಗಳು ಮೂವತ್ತು ದಿನಗಳೊಳಗೆ ಅತಿಯಾಗಿ ಮರಳಿ ಬರುವ ಆಸ್ಪತ್ರೆಗಳಿಗೆ ದಂಡ ವಿಧಿಸುವ ಪದ್ಧತಿ ಬಂದಿತು. ಹಾಸಿಗೆ ಹುಣ್ಣನ್ನು ತಡೆಯುವ ಕೆಲಸ ಹೇಗಿರುತ್ತದೆ ಎಂಬುದನ್ನು ಸ್ವಲ್ಪ ಹತ್ತಿರದಿಂದ ನೋಡಿ. ಮಗ್ಗುಲು ಬದಲಿಸಲಾಗದ ರೋಗಿಯನ್ನು ಸುಮಾರು ಎರಡು ಗಂಟೆಗೊಮ್ಮೆ ಇಬ್ಬರು ಸೇರಿ ಹೊರಳಿಸಬೇಕು, ಬೆನ್ನಿನ ಕೆಳಭಾಗ ಮತ್ತು ಹಿಮ್ಮಡಿಯ ಚರ್ಮ ಕೆಂಪಾಗಿದೆಯೇ ಎಂದು ಬೆರಳಿನಿಂದ ಒತ್ತಿ ನೋಡಬೇಕು, ಒದ್ದೆಯಾದ ಹೊದಿಕೆಯನ್ನು ತಕ್ಷಣ ಬದಲಿಸಬೇಕು, ಇದನ್ನೆಲ್ಲ ಬರೆದಿಡಬೇಕು. ಹೀಗೆ ಮಾಡಲು ಕೈಗಳು ಬೇಕು. ಎರಡನೆಯ ನರ್ಸ್ ಇಲ್ಲದ ರಾತ್ರಿ ರೋಗಿ ಹೊರಳುವುದಿಲ್ಲ. ಆ ನರ್ಸ್‌ನ ಸಂಬಳವನ್ನು ಖರ್ಚಿನ ಸಾಲಿನಲ್ಲಿ ಬರೆದಾಗ, ಆಕೆಯಿಂದ ತಪ್ಪಿದ ಹುಣ್ಣಿನ ಬೆಲೆಯನ್ನೂ ಪಕ್ಕದಲ್ಲೇ ಬರೆಯಬಲ್ಲವರು ಆಡಳಿತ ಮಂಡಳಿಯಲ್ಲಿ ಒಬ್ಬರಾದರೂ ಇರಬೇಕು ಎಂದು ನಾನು ದೃಢವಾಗಿ ನಂಬುತ್ತೇನೆ.

[ಪರದೆಯ ಮೇಲೆ: 8 × 24 × 365 = 70,080 ಗಂಟೆ]

ಜೋಡಿ ಪದವಿಯಲ್ಲಿ ಏನು ಓದುತ್ತಾರೆ? ಎಂಎಸ್‌ಎನ್ ಭಾಗದಲ್ಲಿ ನರ್ಸಿಂಗ್ ಆಡಳಿತ, ಗುಣಮಟ್ಟ ಮತ್ತು ರೋಗಿ ಸುರಕ್ಷತೆ, ಆರೋಗ್ಯ ನೀತಿ, ಸಂಶೋಧನೆಯ ಫಲಗಳನ್ನು ಆರೈಕೆಗೆ ಅಳವಡಿಸುವ ಕ್ರಮ, ಇವುಗಳ ಜೊತೆಗೆ ಆಸ್ಪತ್ರೆಯ ನಾಯಕರೊಬ್ಬರ ಕೈಕೆಳಗೆ ಪ್ರಾಯೋಗಿಕ ತರಬೇತಿ ಇರುತ್ತದೆ. ಎಂಬಿಎ ಭಾಗದಲ್ಲಿ ಲೆಕ್ಕಶಾಸ್ತ್ರ, ಹಣಕಾಸು, ಕಾರ್ಯಾಚರಣೆ, ಮಾನವ ಸಂಪನ್ಮೂಲ, ಕಾರ್ಯತಂತ್ರ. ಕೆಲವು ಪಠ್ಯಗಳನ್ನು ಎರಡೂ ಪದವಿಗಳಿಗೆ ಲೆಕ್ಕಕ್ಕೆ ಹಿಡಿಯುವುದರಿಂದ, ಒಂದಾದ ಮೇಲೆ ಒಂದನ್ನು ಓದುವುದಕ್ಕಿಂತ ಸಮಯವೂ ಹಣವೂ ಉಳಿಯುತ್ತವೆ. ಬಾಲ್ಟಿಮೋರಿನ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದಲ್ಲಿ ಅಲ್ಲಿನ ನರ್ಸಿಂಗ್ ಶಾಲೆಯೂ ಕೇರಿ ಬಿಸಿನೆಸ್ ಸ್ಕೂಲೂ ಸೇರಿ ಇಂತಹ ಜೋಡಿ ವ್ಯಾಸಂಗವನ್ನು ನಡೆಸಿವೆ.

ವಿಷಯಗಳ ಪಟ್ಟಿಯಿಂದ ಹೆಚ್ಚು ತಿಳಿಯುವುದಿಲ್ಲ, ಆದ್ದರಿಂದ ಮೊದಲಿನ ವಾರ್ಡಿಗೇ ಹಿಂದಿರುಗೋಣ. ದಿನಕ್ಕೆ 24 ರೋಗಿಗಳಿಗೆ ತಲಾ 8 ಗಂಟೆಯಂತೆ ವರ್ಷಕ್ಕೆ 70,080 ಗಂಟೆಗಳ ನರ್ಸಿಂಗ್ ಬೇಕು. ವಾರಕ್ಕೆ ನಲವತ್ತು ಗಂಟೆಯ ಲೆಕ್ಕದಲ್ಲಿ ಒಂದು ಪೂರ್ಣಕಾಲಿಕ ಹುದ್ದೆಗೆ ವರ್ಷಕ್ಕೆ 2,080 ಗಂಟೆಗಳ ಸಂಬಳ ಕೊಡುತ್ತಾರೆ. ಭಾಗಿಸಿದರೆ 33.7 ಹುದ್ದೆಗಳು ಸಾಕು ಎನಿಸುತ್ತದೆ. ಆದರೆ ಸಂಬಳ ಪಡೆದ ಎಲ್ಲ ಗಂಟೆಗಳೂ ರೋಗಿಯ ಬಳಿ ಕಳೆಯುವ ಗಂಟೆಗಳಲ್ಲ. ರಜೆ, ಅನಾರೋಗ್ಯ, ತರಬೇತಿಗಳಿಗೆ ಹತ್ತನೆಯ ಒಂದು ಭಾಗ ಹೋಗುತ್ತದೆ ಎಂದು ಇಟ್ಟುಕೊಂಡರೂ ಉಳಿಯುವುದು 1,872 ಗಂಟೆ, ಆಗ ಬೇಕಾಗುವುದು 37.4 ಹುದ್ದೆಗಳು. 34 ಜನರನ್ನು ನೇಮಿಸಿಕೊಂಡು ಬಜೆಟ್ ಸರಿಯಾಗಿದೆ ಎಂದುಕೊಂಡ ವಾರ್ಡ್, ಉಳಿದ ಮೂರೂವರೆ ಹುದ್ದೆಗಳ ಕೆಲಸವನ್ನು ವರ್ಷವಿಡೀ ಓವರ್‌ಟೈಮ್ ಮತ್ತು ಏಜೆನ್ಸಿ ನರ್ಸ್‌ಗಳಿಂದ ಮಾಡಿಸುತ್ತದೆ. ದಣಿದವರು ಕೆಲಸ ಬಿಡುತ್ತಾರೆ, ಹೊಸಬರ ತರಬೇತಿಗೆ ಮತ್ತೆ ಖರ್ಚಾಗುತ್ತದೆ. ಸೂತ್ರ ಲೆಕ್ಕಶಾಸ್ತ್ರದ ತರಗತಿಯಲ್ಲಿ ಸಿಗುತ್ತದೆ; ಪ್ರತಿ ರೋಗಿಗೆ 8 ಗಂಟೆ ಸಾಕೇ, 9 ಬೇಕೇ ಎಂಬುದನ್ನು ಮಾತ್ರ ರೋಗಿಯ ಪಕ್ಕದಲ್ಲಿ ನಿಂತವರೇ ಹೇಳಬೇಕು.

ಈ ವ್ಯಾಸಂಗದ ಬಗ್ಗೆ ನರ್ಸ್‌ಗಳಲ್ಲೇ ಒಂದು ಆತಂಕವಿದೆ. ಎಂಬಿಎ ಮಾಡಿದ ನರ್ಸ್ ಕೊನೆಗೆ ಆಡಳಿತದ ಕಡೆಯವರಾಗಿಬಿಡುತ್ತಾರೆ, ಕಡಿತದ ಸುದ್ದಿಯನ್ನು ನಮ್ಮವರ ಬಾಯಿಂದಲೇ ಕೇಳಬೇಕಾಗುತ್ತದೆ ಎಂಬ ಆ ಆತಂಕವನ್ನು ನಾನು ತಳ್ಳಿಹಾಕುವುದಿಲ್ಲ. ಆದ್ದರಿಂದಲೇ ನರ್ಸಿಂಗ್ ಪದವಿ ಮುಗಿಸಿದ ಕೂಡಲೇ, ವಾರ್ಡಿನಲ್ಲಿ ಕೆಲವು ವರ್ಷ ದುಡಿಯದೆ, ನೇರವಾಗಿ ಜೋಡಿ ಪದವಿಗೆ ಸೇರುವುದು ಒಳ್ಳೆಯದಲ್ಲ ಎಂಬುದು ನನ್ನ ಅಭಿಪ್ರಾಯ. ರಾತ್ರಿ ಪಾಳಿಯ ದಣಿವು ಮೈಯಲ್ಲಿ ನೆನಪಿರುವವರು ರೋಸ್ಟರ್‌ನ ಒಂದು ಹೆಸರನ್ನು ಅಳಿಸುವ ಮುನ್ನ ಯೋಚಿಸುತ್ತಾರೆ.

ಓದಿದವರು ಎಲ್ಲಿಗೆ ಹೋಗುತ್ತಾರೆ? ನರ್ಸ್ ಮ್ಯಾನೇಜರ್, ಅಲ್ಲಿಂದ ನರ್ಸಿಂಗ್ ನಿರ್ದೇಶಕ, ಮುಂದೆ ಮುಖ್ಯ ನರ್ಸಿಂಗ್ ಅಧಿಕಾರಿ. ನರ್ಸಿಂಗ್ ಶ್ರೇಷ್ಠತೆಗೆ ಕೊಡುವ ಮ್ಯಾಗ್ನೆಟ್ ಮನ್ನಣೆಯನ್ನು ಮೊದಲು ಪಡೆದದ್ದು 1994ರಲ್ಲಿ, ಸಿಯಾಟಲ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯದ ಆಸ್ಪತ್ರೆ. ಈ ಮನ್ನಣೆ ಬಯಸುವ ಆಸ್ಪತ್ರೆಯ ಮುಖ್ಯ ನರ್ಸಿಂಗ್ ಅಧಿಕಾರಿ ಸ್ನಾತಕೋತ್ತರ ಪದವೀಧರರಾಗಿರಲೇಬೇಕು. ಆ ಪದವಿ ಬೇರೆ ವಿಷಯದಲ್ಲಿದ್ದರೆ ಕೆಳಗಿನ ಅಥವಾ ಮೇಲಿನ ಇನ್ನೊಂದು ಪದವಿ ನರ್ಸಿಂಗ್‌ನಲ್ಲಿರಬೇಕು. ಸಂಬಳದ ವಿಚಾರದಲ್ಲಿ, ಅಮೆರಿಕದ ಕಾರ್ಮಿಕ ಅಂಕಿಅಂಶ ಇಲಾಖೆಯ 2024ರ ಮೇ ತಿಂಗಳ ಲೆಕ್ಕದಂತೆ ನೋಂದಾಯಿತ ನರ್ಸ್‌ಗಳ ವಾರ್ಷಿಕ ಮಧ್ಯಮ ಸಂಬಳ 93,600 ಡಾಲರ್, ಆರೋಗ್ಯ ಸೇವೆಗಳ ವ್ಯವಸ್ಥಾಪಕರದ್ದು 117,960 ಡಾಲರ್.

ಪದವಿಯ ಹೆಸರೇ ಎಲ್ಲವೂ ಅಲ್ಲ ಎಂಬುದಕ್ಕೆ ಮ್ಯಾರಿಲಿನ್ ಟವೆನರ್ ಅವರ ಉದಾಹರಣೆಯಿದೆ. ವರ್ಜೀನಿಯಾದ ರಿಚ್ಮಂಡ್‌ನಲ್ಲಿ ನರ್ಸ್ ಆಗಿ ವೃತ್ತಿ ಆರಂಭಿಸಿದ ಅವರು, ನರ್ಸಿಂಗ್ ಪದವಿಯ ಮೇಲೆ ಎಂಬಿಎ ಅಲ್ಲ, ಆರೋಗ್ಯ ಆಡಳಿತದ ಸ್ನಾತಕೋತ್ತರ ಪದವಿಯಾದ ಎಂಎಚ್‌ಎ ಓದಿದರು. ಆಸ್ಪತ್ರೆಯ ಮುಖ್ಯ ಕಾರ್ಯನಿರ್ವಾಹಕರಾದರು. 2013ರಿಂದ 2015ರವರೆಗೆ ಮೆಡಿಕೇರ್ ಮತ್ತು ಬಡವರ ಸರ್ಕಾರಿ ವಿಮೆಯಾದ ಮೆಡಿಕೇಡ್ ಎರಡನ್ನೂ ನಡೆಸುವ ಕೇಂದ್ರ ಸಂಸ್ಥೆಯ ಆಡಳಿತಾಧಿಕಾರಿಯಾಗಿದ್ದರು. ಆಸ್ಪತ್ರೆಯ ಒಳಗೇ ಬೆಳೆಯಬಯಸುವವರಿಗೆ ಎಂಎಚ್‌ಎ ಅಥವಾ ನರ್ಸಿಂಗ್ ಆಡಳಿತದ ಎಂಎಸ್‌ಎನ್ ಒಂದೇ ಸಾಕಾಗಬಹುದು. ವಿಮಾ ಸಂಸ್ಥೆ, ಸಲಹಾ ಸಂಸ್ಥೆ, ವೈದ್ಯಕೀಯ ಉಪಕರಣಗಳ ಉದ್ಯಮ ಅಥವಾ ಸ್ವಂತ ಗೃಹ ಆರೈಕೆ ಸಂಸ್ಥೆಯತ್ತ ಮನಸ್ಸಿರುವವರಿಗೆ ಎಂಬಿಎಯ ವಿಸ್ತಾರ ಉಪಯೋಗಕ್ಕೆ ಬರುತ್ತದೆ.

ಈಗ ಕರ್ನಾಟಕದಲ್ಲಿ ಓದಿ ಅಮೆರಿಕದಲ್ಲಿ ದುಡಿಯುತ್ತಿರುವ ನರ್ಸ್‌ಗಳಿಗೆ ಎರಡು ಮಾತು. ನಮ್ಮ ಎಂಎಸ್ಸಿ ನರ್ಸಿಂಗ್‌ನ ಎರಡನೆಯ ವರ್ಷದಲ್ಲಿ ನರ್ಸಿಂಗ್ ಮ್ಯಾನೇಜ್‌ಮೆಂಟ್ ಎಂಬ ಪತ್ರಿಕೆಯಿದೆ, ಅದು ಒಳ್ಳೆಯ ಅಡಿಪಾಯ. ಬಿಎಸ್ಸಿ ಓದಿದವರು ತಮ್ಮ ಅಂಕಪಟ್ಟಿಗಳ ತತ್ಸಮಾನತೆಯನ್ನು ಮೌಲ್ಯಮಾಪನ ಮಾಡಿಸಿ, ಅಲ್ಲಿನ ನರ್ಸ್ ಪರವಾನಗಿ ಪರೀಕ್ಷೆಯಾದ ಎನ್‌ಕ್ಲೆಕ್ಸ್ ತೇರ್ಗಡೆಯಾಗಿ ಪಡೆದ ರಾಜ್ಯದ ಪರವಾನಗಿಯೊಂದಿಗೆ ಅರ್ಜಿ ಹಾಕಬಹುದು. ಜಿಎನ್‌ಎಂ ಎಂಬ ನರ್ಸಿಂಗ್ ಡಿಪ್ಲೊಮಾ ಮಾತ್ರ ಇರುವವರು ಸಾಮಾನ್ಯವಾಗಿ ಮೊದಲು ಪದವಿ ಹಂತವನ್ನು ಮುಗಿಸಿಕೊಳ್ಳಬೇಕಾಗುತ್ತದೆ. ಉದ್ಯೋಗದಾತರು ನೌಕರರ ಓದಿಗೆ ಕೊಡುವ ಹಣದಲ್ಲಿ ವರ್ಷಕ್ಕೆ 5,250 ಡಾಲರ್‌ವರೆಗೆ ನೌಕರರಿಗೆ ತೆರಿಗೆ ಬೀಳದಂತೆ ಅಲ್ಲಿನ ಕಾನೂನಿನಲ್ಲಿ ಅವಕಾಶವಿದೆ. ಆದರೆ ಓದು ಮುಗಿದ ಮೇಲೆ ಇಂತಿಷ್ಟು ವರ್ಷ ಅಲ್ಲಿಯೇ ದುಡಿಯಬೇಕೆಂಬ ಷರತ್ತು ಆ ಒಪ್ಪಂದದಲ್ಲಿದೆಯೇ ಎಂದು ಸಹಿ ಹಾಕುವ ಮೊದಲು ಓದಿ ನೋಡಿ.

ವಿಶ್ವವಿದ್ಯಾಲಯದವರನ್ನು ಮುಖ್ಯವಾಗಿ ಎರಡು ಸಂಗತಿ ಕೇಳಿ ತಿಳಿದುಕೊಳ್ಳಿ. ನರ್ಸಿಂಗ್ ಭಾಗಕ್ಕೂ ವ್ಯವಹಾರ ಭಾಗಕ್ಕೂ ಪ್ರತ್ಯೇಕವಾಗಿ ಮಾನ್ಯತೆ ಇದೆಯೇ ಎಂಬುದು ಒಂದು. ಪ್ರಾಯೋಗಿಕ ತರಬೇತಿಯಲ್ಲಿ ಆಸ್ಪತ್ರೆಯ ಹಣಕಾಸು ಕಚೇರಿಯೊಳಗೆ ಕುಳಿತು, ನಿಜವಾದ ಬಜೆಟ್ ತಯಾರಾಗುವುದನ್ನು ನೋಡಲು ಬಿಡುತ್ತಾರೆಯೇ ಎಂಬುದು ಇನ್ನೊಂದು. ಅದಕ್ಕೂ ಮುಂಚೆ ನಿಮ್ಮ ವಾರ್ಡಿನ ಮ್ಯಾನೇಜರ್ ಅವರ ಬಳಿ ಹೋಗಿ, ಕಳೆದ ತಿಂಗಳ ಖರ್ಚಿನ ವರದಿಯನ್ನು ತೋರಿಸುವಂತೆ ಕೇಳಿಕೊಳ್ಳಿ. ಕೆಂಪು ಸಾಲಿನ ಪಕ್ಕದಲ್ಲಿ ಆ ತಿಂಗಳ ಸರಾಸರಿ ರೋಗಿಗಳ ಸಂಖ್ಯೆಯನ್ನು ಪೆನ್ಸಿಲಿನಿಂದ ಬರೆದುಕೊಂಡು ಗುಣಿಸಿ ನೋಡಿ.