ದಾರಿಯಲ್ಲೇ ಲೆಕ್ಕ ಮುಗಿಸುವ ಬೆಳಕು

ಎಲ್ಲರಿಗೂ ನಮಸ್ಕಾರ.

ಫೋಟಾನಿಕ್ಸ್, ಅಂದರೆ ಬೆಳಕನ್ನು ಕೆಲಸಕ್ಕೆ ಹಚ್ಚುವ ತಂತ್ರಜ್ಞಾನ, ಎಂದೊಡನೆ ಒಂದು ಮಾತು ತಪ್ಪದೆ ಕೇಳಿಬರುತ್ತದೆ: ಬೆಳಕಿಗಿಂತ ವೇಗವಾದದ್ದು ಇಲ್ಲ, ಆದ್ದರಿಂದ ಬೆಳಕಿನಲ್ಲಿ ಮಾಡಿದ ಲೆಕ್ಕವೇ ಎಲ್ಲಕ್ಕಿಂತ ವೇಗ. ಈ ಮಾತನ್ನು ಮೊದಲು ಬದಿಗಿಡೋಣ. ಫೈಬರಿನ ಗಾಜಿನೊಳಗೆ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಓಡುತ್ತದೆ. ಒಳ್ಳೆಯ ಕೋಆಕ್ಸಿಯಲ್ ಕೇಬಲ್ಲಿನಲ್ಲಿ ವಿದ್ಯುತ್ ಸಂಕೇತವೂ ಹೆಚ್ಚುಕಡಿಮೆ ಅಷ್ಟೇ ವೇಗದಲ್ಲಿ ಹೋಗುತ್ತದೆ, ಕೆಲವೊಮ್ಮೆ ತುಸು ಮುಂದೆಯೇ. ರಕ್ಷಣಾ ಸಂಶೋಧಕರು ಎಪ್ಪತ್ತು ವರ್ಷಗಳಿಂದ ಬೆಳಕಿನ ಬೆನ್ನು ಬಿದ್ದಿರುವುದಕ್ಕೆ ಕಾರಣ ಬೇರೆ. ಅದನ್ನು ಹೇಳಲು ಒಂದು ಹಳೆಯ ಫಿಲ್ಮ್ ಸುರುಳಿಯಿಂದ ಆರಂಭಿಸುತ್ತೇನೆ.

ರೇಡಾರಿನಿಂದ ನೆಲದ ಸ್ಫುಟವಾದ ಚಿತ್ರ ಬೇಕಾದರೆ ಆಂಟೆನಾ ಬಹಳ ಉದ್ದವಿರಬೇಕು. ನೂರಾರು ಮೀಟರ್ ಉದ್ದದ ಆಂಟೆನಾವನ್ನು ವಿಮಾನದ ಹೊಟ್ಟೆಗೆ ಕಟ್ಟಲಾಗದು. 1951ರಲ್ಲಿ ಗುಡ್‌ಇಯರ್ ಕಂಪನಿಯ ಕಾರ್ಲ್ ವೈಲಿ ಇದಕ್ಕೊಂದು ಉಪಾಯ ಕಂಡುಕೊಂಡರು. ವಿಮಾನ ಸಾಗುತ್ತಿರುವಾಗ ಪ್ರತಿಧ್ವನಿಯಲ್ಲಿ ಉಂಟಾಗುವ ಡಾಪ್ಲರ್ ವ್ಯತ್ಯಾಸವನ್ನು, ಅಂದರೆ ಚಲನೆಯಿಂದಾಗುವ ಆವರ್ತನದ ಬದಲಾವಣೆಯನ್ನು, ಬಿಡಿಸಿ ನೋಡಿದರೆ ಪುಟ್ಟ ಆಂಟೆನಾವೇ ಉದ್ದದ ಆಂಟೆನಾದ ಕೆಲಸ ಮಾಡುತ್ತದೆ. ಉಪಾಯವೇನೋ ಸರಿ, ಆದರೆ ಲೆಕ್ಕ ಮಾಡುವವರು ಯಾರು? ಅಂದಿನ ಕಂಪ್ಯೂಟರುಗಳ ಕೈಲಾಗುವ ಕೆಲಸ ಅದಾಗಿರಲಿಲ್ಲ.

ಮಿಷಿಗನ್ ವಿಶ್ವವಿದ್ಯಾಲಯದ ವಿಲೋ ರನ್ ಪ್ರಯೋಗಾಲಯದಲ್ಲಿ ಲೂಯಿಸ್ ಕುಟ್ರೋನಾ, ಎಮೆಟ್ ಲೀತ್ ಮತ್ತು ಅವರ ಸಂಗಡಿಗರು ಆ ಲೆಕ್ಕವನ್ನು ಮಸೂರಗಳಿಗೆ ಒಪ್ಪಿಸಿದರು. ವಿಮಾನ ಹಾರುತ್ತಿದ್ದಂತೆ ಪ್ರತಿಧ್ವನಿಗಳು ಫಿಲ್ಮಿನ ಮೇಲೆ ದಾಖಲಾಗುತ್ತಿದ್ದವು. ಆ ಫಿಲ್ಮನ್ನು ಬರಿಗಣ್ಣಿನಿಂದ ನೋಡಿದರೆ ಏನೂ ತಿಳಿಯದು, ಬರೀ ಬೂದು ಗೀರುಗಳು. ಆದರೆ ಒಂದೇ ಒಂದು ಗುರಿಯ ಗುರುತನ್ನು ಹತ್ತಿರದಿಂದ ನೋಡಿ. ಗೆರೆಗಳು ನಡುವೆ ವಿರಳ, ಎರಡೂ ತುದಿಗಳತ್ತ ಹೋದಂತೆ ಒತ್ತೊತ್ತು. ದ್ಯುತಿಶಾಸ್ತ್ರ ಓದಿದವರಿಗೆ ಇದು ಪರಿಚಿತ ವಿನ್ಯಾಸ, ಫ್ರೆನೆಲ್ ವಲಯಫಲಕದ್ದು. ವಲಯಫಲಕವೆಂದರೆ ಮಸೂರವೇ. ಅಲೆಗಳೆಲ್ಲ ಒಂದೇ ಹೆಜ್ಜೆಯಲ್ಲಿ ಸಾಗುವ ಸಂಬದ್ಧ ಬೆಳಕು ಹಾಯಿಸಿದರೆ ಅದು ತಾನಾಗಿ ಬೆಳಕನ್ನು ಒಂದು ಬಿಂದುವಿಗೆ ಕೂಡಿಸುತ್ತದೆ, ಆ ಬಿಂದುವೇ ಗುರಿಯ ಚಿತ್ರ. ನೆಲದ ಮೇಲಿನ ಪ್ರತಿಯೊಂದು ವಸ್ತುವೂ ತನ್ನ ಚಿತ್ರಕ್ಕೆ ಬೇಕಾದ ಮಸೂರವನ್ನು ತಾನೇ ಫಿಲ್ಮಿನ ಮೇಲೆ ಬರೆದಿಟ್ಟಿರುತ್ತದೆ! ನನ್ನ ಮಟ್ಟಿಗೆ ಈ ಕ್ಷೇತ್ರದಲ್ಲಿ ಇದಕ್ಕಿಂತ ಸುಂದರವಾದ ಸಂಗತಿ ಇಲ್ಲ. ತೊಡಕು ಒಂದಿತ್ತು. ದೂರದ ಗುರಿಗಳು ಬರೆದ ಮಸೂರದ ಸಂಗಮದೂರ (ಬೆಳಕು ಕೂಡುವ ಬಿಂದುವಿನ ದೂರ) ಹೆಚ್ಚು, ಹತ್ತಿರದವುಗಳದ್ದು ಕಡಿಮೆ. ಶಂಕುವಿನಾಕಾರದ ಒಂದು ಮಸೂರವನ್ನು ಸೇರಿಸಿ ಅದನ್ನೂ ಸರಿಪಡಿಸಿದರು. ಲೀತ್ ಇದೇ ಜಾಡು ಹಿಡಿದು ಹೋಗಿ, 1962ರಲ್ಲಿ ಯೂರಿಸ್ ಉಪಾಟ್ನಿಯಕ್ಸ್ ಜೊತೆಗೂಡಿ ಹೊಸ ಬಗೆಯ ಹೋಲೋಗ್ರಫಿಯನ್ನು ಜಗತ್ತಿನ ಮುಂದಿಟ್ಟರು.

ಬೆಳಕಿನ ನಿಜವಾದ ಶಕ್ತಿ ಇದು. ಮಸೂರದ ಸಂಗಮತಲದಲ್ಲಿ ಫೂರಿಯರ್ ಪರಿವರ್ತನೆ, ಅಂದರೆ ಚಿತ್ರವನ್ನು ಅದರಲ್ಲಡಗಿದ ಆವರ್ತನಗಳಾಗಿ ಬಿಡಿಸುವ ಲೆಕ್ಕ, ತಂತಾನೇ ಮೂಡುತ್ತದೆ. ಚಿತ್ರದಲ್ಲಿ ಎಷ್ಟು ಬಿಂದುಗಳಿದ್ದರೂ ಎಲ್ಲವೂ ಒಟ್ಟಿಗೆ, ಹಾದುಹೋಗುವಾಗಲೇ ಲೆಕ್ಕವಾಗಿಬಿಡುತ್ತವೆ.

ಹಾಗಿದ್ದರೆ ಈ ವಿಧಾನ ಸೋತದ್ದೇಕೆ? ಲೆಕ್ಕದಲ್ಲಲ್ಲ, ಅದರ ಹಿಂದುಮುಂದಿನ ತುದಿಗಳಲ್ಲಿ ಸೋತಿತು. ಫಿಲ್ಮನ್ನು ದ್ರಾವಣದಲ್ಲಿ ತೊಳೆದು ಒಣಗಿಸುವವರೆಗೆ ಬೆಳಕು ಕಾಯಬೇಕು. ಲೆಕ್ಕದ ಕ್ರಮ ಬದಲಿಸಬೇಕೆಂದರೆ ಹೊಸ ಮಸೂರವನ್ನೇ ಉಜ್ಜಿ ಮಾಡಬೇಕು. 1964ರಲ್ಲಿ ವ್ಯಾಂಡರ್ ಲುಗ್ಟ್ ಪ್ರಕಟಿಸಿದ ಬೆಳಕಿನ ಶೋಧಕ (ಫಿಲ್ಟರ್), ಚಿತ್ರದಲ್ಲಿ ಅಡಗಿದ ನಿರ್ದಿಷ್ಟ ಆಕೃತಿಯನ್ನು ಕ್ಷಣದಲ್ಲಿ ಪತ್ತೆ ಮಾಡುತ್ತಿತ್ತು. ಆದರೆ ಗುರಿ ಕೆಲವು ಡಿಗ್ರಿ ವಾಲಿಕೊಂಡರೆ ಸಾಕು, ಗುರುತು ಹತ್ತುತ್ತಿರಲಿಲ್ಲ. ಅಷ್ಟರಲ್ಲಿ ಕಂಪ್ಯೂಟರಿನ ಚಿಪ್ಪುಗಳು ಬಲಿತವು, ಮಸೂರದ ಮೇಜು ಮೂಲೆ ಸೇರಿತು.

ಒಂದು ಕಡೆ ಮಾತ್ರ ಬೆಳಕು ಜಾಗ ಬಿಟ್ಟುಕೊಡಲಿಲ್ಲ. ಎದುರಾಳಿಯ ರೇಡಾರ್ ಯಾವ ಆವರ್ತನದಲ್ಲಿ ಮಿಡಿಯುತ್ತದೆಂದು ಮೊದಲೇ ಗೊತ್ತಿರುವುದಿಲ್ಲ. ಒಂದೊಂದೇ ಆವರ್ತನವನ್ನು ತಡವುತ್ತ ಹೋಗುವ ರೇಡಿಯೊ, ಮಿಡಿತ ಬಂದ ಹೊತ್ತಿಗೆ ಬೇರೆಲ್ಲೋ ಕಿವಿಗೊಟ್ಟಿರುತ್ತದೆ. ಬ್ರ್ಯಾಗ್ ಕೋಶ ಎಂಬ ಸಾಧನದಲ್ಲಿ ಈ ತಾಪತ್ರಯವಿಲ್ಲ. ಬಂದ ರೇಡಿಯೊ ಸಂಕೇತವನ್ನು ಟೆಲ್ಯುರಿಯಂ ಡೈಆಕ್ಸೈಡ್‌ನಂಥ ಹರಳಿನೊಳಗೆ ಶಬ್ದದ ಅಲೆಯಾಗಿ ಹರಿಸುತ್ತಾರೆ. ಆ ಅಲೆ ಲೇಸರ್ ಕಿರಣಕ್ಕೆ ಜಾಲರಿಯಂತೆ ಅಡ್ಡ ನಿಲ್ಲುತ್ತದೆ. ಆವರ್ತನ ಹೆಚ್ಚಿದಷ್ಟೂ ಕಿರಣ ಹೆಚ್ಚು ಬಾಗುತ್ತದೆ. ಎದುರಿಗೆ ಸಾಲಾಗಿ ಕೂರಿಸಿದ ಗ್ರಾಹಕಗಳಲ್ಲಿ ಯಾವುದು ಬೆಳಗಿತೆಂದು ನೋಡಿದರಾಯಿತು. ಎರಡು ರೇಡಾರ್ ಒಟ್ಟಿಗೆ ಮಿಡಿದರೆ ಎರಡು ಚುಕ್ಕೆ. ಶಬ್ದ ಬೆಳಕನ್ನು ಹೀಗೆ ಬಾಗಿಸುವುದರ ಗಣಿತವನ್ನು ಸಿ. ವಿ. ರಾಮನ್ ಮತ್ತು ನಾಗೇಂದ್ರನಾಥ್ 1935ರಲ್ಲೇ ಬಿಡಿಸಿಟ್ಟಿದ್ದರು, ಅದೂ ರೇಡಾರಿನ ಗೊಡವೆಯೇ ಇಲ್ಲದೆ.

ಫೈಬರ್ ಬಂದ ಮೇಲೆ ಆಟ ಬದಲಾಯಿತು. 1550 ನ್ಯಾನೊಮೀಟರ್ ತರಂಗಾಂತರದ ಬೆಳಕು ಒಂದು ಕಿಲೋಮೀಟರ್ ಫೈಬರ್ ದಾಟಿದ ಮೇಲೂ ನೂರರಲ್ಲಿ 95 ಪಾಲು ಉಳಿದಿರುತ್ತದೆ. 10 ಗಿಗಾಹರ್ಟ್ಸ್ ಸಂಕೇತವನ್ನು ತಾಮ್ರದ ಕೇಬಲ್ಲಿನಲ್ಲಿ ಅಷ್ಟು ದೂರ ಕಳುಹಿಸಿದರೆ ಆ ತುದಿಯಲ್ಲಿ ಉಳಿಯುವುದು ಗದ್ದಲ ಮಾತ್ರ. ಎಫ್/ಎ-18 ಸೂಪರ್ ಹಾರ್ನೆಟ್ ವಿಮಾನ ತನ್ನ ಹಿಂದೆ ಎಳೆದೊಯ್ಯುವ ಎಎಲ್‌ಇ-55 ಎಂಬ ಹುಸಿಗುರಿ ಫೈಬರಿನ ತುದಿಯಲ್ಲೇ ತೇಲುತ್ತದೆ. ಕ್ಷಿಪಣಿಯನ್ನು ದಾರಿ ತಪ್ಪಿಸುವ ಸಂಕೇತ ವಿಮಾನದಿಂದ ಅದರತ್ತ ಹೋಗುವುದು ಬೆಳಕಿನ ಮೇಲೇರಿ. ಸವಾರಿ ಪುಕ್ಕಟೆಯಲ್ಲ ಎಂಬುದನ್ನೂ ಹೇಳಬೇಕು. ದಾರಿಯಲ್ಲಿ ಬೆಳಕು 1 ಡೆಸಿಬೆಲ್ (ಶಕ್ತಿಯ ಏರಿಳಿತದ ಅಳತೆ) ಕಳೆದುಕೊಂಡರೆ, ಗ್ರಾಹಕದಿಂದ ಹೊರಬರುವ ವಿದ್ಯುತ್ ಸಂಕೇತದಲ್ಲಿ 2 ಡೆಸಿಬೆಲ್ ಹೋಗಿರುತ್ತದೆ.

2014ರಲ್ಲಿ ಇಟಲಿಯ ಪೀಸಾದ ಸಂಶೋಧಕರು ಒಂದೇ ಲೇಸರಿನಿಂದ ರೇಡಾರ್ ಸಂಕೇತವನ್ನು ಹುಟ್ಟಿಸಿ, ಮರಳಿ ಬಂದ ಪ್ರತಿಧ್ವನಿಯನ್ನು ಅದೇ ಲೇಸರಿನ ಮಿಡಿತಗಳಿಂದ ಅಳೆದು ತೋರಿಸಿದರು. ಇಲ್ಲಿ ಬೆಳಕು ಚಿಪ್ಪಿನ ಎದುರಾಳಿಯಲ್ಲ, ಅದರ ಗಡಿಯಾರ. ಅತಿ ವೇಗದ ಸಂಕೇತವನ್ನು ಅಂಕಿಗಳಾಗಿಸುವಾಗ ಎಲೆಕ್ಟ್ರಾನಿಕ್ ಗಡಿಯಾರದ ಸಣ್ಣ ನಡುಕವೇ ದೋಷವಾಗುತ್ತದೆ. ಲೇಸರ್ ಮಿಡಿತಗಳ ನಡುಕ ಫೆಮ್ಟೊಸೆಕೆಂಡುಗಳ, ಅಂದರೆ ಸೆಕೆಂಡಿನ ಅತಿ ಸೂಕ್ಷ್ಮ ಪಾಲುಗಳ, ಮಟ್ಟದ್ದು.

ಇನ್ನು ಭದ್ರತೆ. ಬೆಳಕಿನ ಪ್ರಾವಸ್ಥೆಯನ್ನು (ಅಲೆಯ ಏರಿಳಿತದ ಹೆಜ್ಜೆಯನ್ನು) ಅಡ್ಡಾದಿಡ್ಡಿಯಾಗಿ ಕದಲಿಸುವ ಎರಡು ಫಲಕಗಳ ಮೂಲಕ ಚಿತ್ರವನ್ನು ಹಾಯಿಸಿ ಗದ್ದಲವಾಗಿಸುವ ಗೂಢಲಿಪಿಯನ್ನು ರೆಫ್ರೆಜಿಯೆ ಮತ್ತು ಜಾವಿದಿ 1995ರಲ್ಲಿ ಸೂಚಿಸಿದರು. ನೋಡಲು ಭೇದಿಸಲಾಗದ ಬೀಗ. ಆದರೆ ಮಸೂರದ ಲೆಕ್ಕವೆಲ್ಲ ರೇಖೀಯ (ಒಳಹಾಕಿದ್ದು ಇಮ್ಮಡಿಸಿದರೆ ಹೊರಬರುವುದೂ ಇಮ್ಮಡಿ), ಆ ಸರಳತೆಯೇ ಬೀಗದ ಬಿರುಕೂ ಆಯಿತು. ಮೂಲ ಚಿತ್ರ ಮತ್ತು ಗೂಢಚಿತ್ರಗಳ ಕೆಲವು ಜೋಡಿಗಳು ಸಿಕ್ಕರೆ ಕೀಲಿಯನ್ನು ಹೊರಗೆಳೆಯಬಹುದೆಂದು ಮುಂದೆ ಸಾಬೀತಾಯಿತು. ಸೊಗಸಾದ ಭೌತಶಾಸ್ತ್ರ ಒಳ್ಳೆಯ ಗೂಢಲಿಪಿಯೂ ಆಗಿರಬೇಕೆಂದಿಲ್ಲ.

ಕೊನೆಗೆ ಒಂದು ಫೈಬರ್ ಸುರುಳಿ. ರೇಡಾರನ್ನು ಮೈದಾನಕ್ಕೆ ಒಯ್ಯದೆ ಪರೀಕ್ಷಿಸಲು ಇದನ್ನು ಬಳಸುತ್ತಾರೆ. ಒಂದು ಕಿಲೋಮೀಟರ್ ಫೈಬರ್ ದಾಟಲು ಬೆಳಕಿಗೆ ಸುಮಾರು 5 ಮೈಕ್ರೊಸೆಕೆಂಡ್ ಬೇಕು. ಅಷ್ಟು ಹೊತ್ತಿನಲ್ಲಿ ರೇಡಿಯೊ ಅಲೆ ಗಾಳಿಯಲ್ಲಿ 750 ಮೀಟರ್ ಹೋಗಿ ಮರಳಿ ಬರುತ್ತದೆ. ಆದ್ದರಿಂದ ಮೇಜಿನ ಮೇಲೆ ಸುತ್ತಿಟ್ಟ ಆ ಎಳೆ ರೇಡಾರಿನ ಕಣ್ಣಿಗೆ 750 ಮೀಟರ್ ಆಚೆ ನಿಂತ ಗುರಿ. ಆದರೆ ಕೋಣೆಯ ಉಷ್ಣತೆ ಒಂದೇ ಒಂದು ಡಿಗ್ರಿ ಏರಿದರೂ ಆ ವಿಳಂಬ ಸುಮಾರು 40 ಪಿಕೊಸೆಕೆಂಡ್ ಹೆಚ್ಚುತ್ತದೆ. 10 ಗಿಗಾಹರ್ಟ್ಸ್ ಅಲೆಯ ಒಂದು ಆವರ್ತಕ್ಕೆ ಹಿಡಿಯುವುದೇ 100 ಪಿಕೊಸೆಕೆಂಡ್. ಅಂದರೆ ಸುರುಳಿಯನ್ನು ಯಾರೂ ಮುಟ್ಟದಿದ್ದರೂ ಅಲೆಯ ಪ್ರಾವಸ್ಥೆ ಮೂರನೇ ಒಂದು ಸುತ್ತಿಗಿಂತ ಹೆಚ್ಚು ಜರುಗಿರುತ್ತದೆ. ಹಾಗಾಗಿ ಪ್ರಾವಸ್ಥೆ ಕದಲಬಾರದ ಕಡೆ ಸುರುಳಿಯನ್ನು ಉಷ್ಣತೆ ಏರಿಳಿಯದ ಪೆಟ್ಟಿಗೆಯಲ್ಲಿ ಇಡಬೇಕಾಗುತ್ತದೆ. ಆ ಪೆಟ್ಟಿಗೆ ಸುರುಳಿಗಿಂತ ದೊಡ್ಡದು, ಭಾರವೂ ಹೆಚ್ಚು. ಅದನ್ನು ವಿಮಾನದಲ್ಲಿ ಎಲ್ಲಿ ಕೂರಿಸುವುದು ಎಂಬ ಚರ್ಚೆಗೆ ಈಗ ಬರೋಣ. ಪ್ರಶ್ನೆಗಳಿದ್ದರೆ ಕೇಳಿ.